ಅಂಕಲ್, ಅದು ಸಿನಿಮಾ ಅಲ್ವಾ?

ನಿನ್ನೆ ಮಗಳ ಕಾಲೇಜಿನ ವಿಜ್ಞಾನ ಮೇಳಕ್ಕೆ ಹೋಗಿ ತಲೆ ಕೆಡಿಸಿಕೊಂಡು ಬಂದೆ. ಒಂದು ಗೋಡೆ ತುಂಬಾ 'ವಿಪರೀತ ಪರಿಸ್ಥಿತಿಯಲ್ಲಿ ವಿಜ್ಞಾನ' ಅಂತ ಪೋಸ್ಟರ್‌ಗಳು. ಮಂಗಳ ಗ್ರಹ, ಅಂಟಾರ್ಕ್ಟಿಕಾ, ಸಮುದ್ರದ ತಳ. ಕೆನಡಾದ ಸಡ್ಬರಿ ಗಣಿಯೂ ಇತ್ತು, ನೆಲದಿಂದ 2 ಕಿ.ಮೀ. ಕೆಳಗೆ ನ್ಯೂಟ್ರಿನೋ ಹಿಡಿದ ಜಾಗ. ನ್ಯೂಟ್ರಿನೋ ಅಂದರೆ ಬಂಡೆಯನ್ನೂ ತೂರಿ ಹೋಗುವ ಅತಿ ಸಣ್ಣ ಕಣ. ಸರಿ, ನಮ್ಮ ಕೆಜಿಎಫ್ ಎಲ್ಲಪ್ಪಾ ಅಂತ ಪೋಸ್ಟರ್ ಹತ್ತಿರ ನಿಂತಿದ್ದ ಹುಡುಗನನ್ನು ಕೇಳಿದೆ.

'ಅಂಕಲ್, ಅದು ಸಿನಿಮಾ ಅಲ್ವಾ?'

ನನ್ನ ಕೋಪ ನಿಮಗೆ ಗೊತ್ತೇ ಇದೆ. ಮಗಳು ಆಗಲೇ ನಾಲ್ಕು ಹೆಜ್ಜೆ ದೂರ ಸರಿದಿದ್ದಳು.

ಬೆಂಗಳೂರಿಂದ ಬರೀ 100 ಕಿ.ಮೀ. ಮಾರಾಯ್ರೆ! ಅಲ್ಲಿನ ಚಾಂಪಿಯನ್ ರೀಫ್ ಚಿನ್ನದ ಗಣಿ 3 ಕಿ.ಮೀ.ಗೂ ಜಾಸ್ತಿ ಆಳ. ತಳದ ಬಂಡೆ 60 ಡಿಗ್ರಿ ದಾಟಿ ಸುಡುತ್ತಿತ್ತು. ಮೇಲಿನ ಕಲ್ಲಿನ ಭಾರ ಲೆಕ್ಕ ಹಾಕಿ ನೋಡಿ. ಹೆಬ್ಬೆರಳ ಉಗುರಿನಷ್ಟು ಜಾಗದ ಮೇಲೆ ಸುಮಾರು 900 ಕಿಲೋ, ಅಂದರೆ ಒಂದು ಸಣ್ಣ ಕಾರು. ಅಂಥ ಬಂಡೆಯನ್ನು ಕೊರೆದು ಪೊಳ್ಳು ಮಾಡಿದರೆ ಅದು ಸುಮ್ನೆ ಇರುತ್ತಾ? ಸಿಡಿಯುತ್ತದೆ. ಅಲ್ಲಿಯವರು ಅದಕ್ಕೆ ಏರ್ ಬ್ಲಾಸ್ಟ್ ಅನ್ನುತ್ತಿದ್ದರು. ದೊಡ್ಡಪ್ಪ ಅಲ್ಲೇ ಕೆಲಸಕ್ಕಿದ್ದದ್ದು ಹಳಬರಿಗೆ ನೆನಪಿರಬೇಕು. ಒಂದು ರಾತ್ರಿ ಅವರ ಮನೆಯಲ್ಲಿ ಅಟ್ಟದ ಪಾತ್ರೆಗಳೆಲ್ಲ ಗಲಗಲ ಅಂದವು. ದೊಡ್ಡಮ್ಮ ಎದ್ದವಳೇ ಮೊದಲು ನೋಡಿದ್ದು ಗಡಿಯಾರ. ಈಗ ಕೆಳಗೆ ಯಾವ ಶಿಫ್ಟ್ ಅಂತ.

ಇನ್ನು ನ್ಯೂಟ್ರಿನೋ. ಸಡ್ಬರಿಯವರು ಶುರು ಮಾಡಿದ್ದು 1999ರಲ್ಲಿ. ಕೆಜಿಎಫ್‌ನಲ್ಲಿ 2.3 ಕಿ.ಮೀ. ಆಳದಲ್ಲಿ, 1965ರಲ್ಲೇ, ವಾತಾವರಣದಲ್ಲಿ ಹುಟ್ಟಿ ಕೆಳಗಿಳಿದ ನ್ಯೂಟ್ರಿನೋಗಳ ಗುರುತು ಸಿಕ್ಕಿತ್ತು. ಆಕಾಶದಿಂದ ಸುರಿಯುವ ಬೇರೆ ಕಣಗಳನ್ನೆಲ್ಲ ಮೇಲಿನ ಬಂಡೆಯೇ ತಡೆಯುತ್ತದೆ, ಅದಕ್ಕೇ ಅಷ್ಟು ಕೆಳಗೆ ಇಳಿದದ್ದು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್‌ನವರು ಸೇರಿ ಮಾಡಿದ ಪ್ರಯೋಗ. ತಂಡದಲ್ಲಿದ್ದ ಬಿ.ವಿ. ಶ್ರೀಕಂಠನ್ ನಂಜನಗೂಡಿನಲ್ಲಿ ಹುಟ್ಟಿದವರು. ಪೋಸ್ಟರಿನಲ್ಲಿ ಇವರಿಗೆ ಒಂದು ಗೇಣು ಜಾಗ ಇಲ್ಲ!

ದಕ್ಷಿಣ ಆಫ್ರಿಕಾದ ಗಣಿಯಲ್ಲೂ ಅದೇ ವರ್ಷ ಸಿಕ್ಕಿತಲ್ಲ, ಅಲ್ಲಿ 4 ಕಿ.ಮೀ. ಹತ್ತಿರ ಇಳಿದ ಗಣಿಯೂ ಇದೆಯಲ್ಲ ಅಂತ ಕಾಮೆಂಟ್ ಹಾಕೋಕೆ ಒಬ್ಬ ಗೆಳೆಯ ಕಾಯ್ತಿರ್ತಾನೆ. ಇರಲಿ ಬಿಡಪ್ಪ. ಆ ಗೋಡೆ ಮೇಲೆ ಅದೂ ಇರಲಿಲ್ಲ.

ಆ ಹುಡುಗನಿಗೆ ಚೆನ್ನಾಗಿ ಬೈದೆ. ಮನೆಗೆ ಬಂದ ಮೇಲೆ ದೊಡ್ಡಪ್ಪ ನೆನಪಾದರು. ರಜೆಗೆ ನಮ್ಮೂರಿಗೆ ಬಂದರೆ ರಾತ್ರಿಯಿಡೀ ಕೆಮ್ಮು, ಎದೆಯಲ್ಲಿ ಕೂತ ಕಲ್ಲಿನ ಧೂಳು. ನಾನು ಕಿವಿಗೆ ದಿಂಬು ಒತ್ತಿಕೊಂಡು ಮಲಗುತ್ತಿದ್ದೆ. ಕೆಳಗೆ ಹೇಗಿರುತ್ತೆ ದೊಡ್ಡಪ್ಪ ಅಂತ, ಎಂಜಿನಿಯರಿಂಗ್ ಸೇರಿದ ಮೇಲೂ, ಒಂದು ಸಲ ಕೇಳಲಿಲ್ಲ.