ನಸುಗುನ್ನಿ ಪುಡಿ ಮಾತ್ರೆ ಜೊತೆ ಬೇಡ

ಒಂದೆಲಗ, ಅರಿಶಿನ, ನಸುಗುನ್ನಿ ಎಲ್ಲವೂ ನರರೋಗಕ್ಕೆ ಮದ್ದಾಗಬಹುದು ಅಂತ ನಿಮ್ಮ ಲೇಖನದಲ್ಲಿ ಒಂದೇ ಸಾಲಲ್ಲಿ ಕೂರಿಸಿದ್ದೀರಿ. ಮೂರೂ ಒಂದೇ ಅಲ್ಲ. ನಮ್ಮ ಶಿರಸಿ ಕಡೆ ಬೇಲಿ ಮೇಲೆ ಹಬ್ಬುವ ನಸುಗುನ್ನಿ ಇದೆಯಲ್ಲ, ಕಾಯಿ ಮೇಲಿನ ಕಂದು ರೋಮ ತಾಗಿದರೆ ಸಾಕು ಮೈಯೆಲ್ಲ ತುರಿಕೆ, ಅದರ ಬೀಜದಲ್ಲಿ ನಿಜವಾಗಿಯೂ ಲೆವೊಡೋಪಾ ಇದೆ, ಕೈಕಾಲು ನಡುಗುವ, ಮೈ ಬಿಗಿಯುವ ಪಾರ್ಕಿನ್ಸನ್ ರೋಗಕ್ಕೆ ಡಾಕ್ಟರು ಕೊಡುವ ಮಾತ್ರೆಯಲ್ಲಿರುವುದೂ ಅದೇ. ಮಿದುಳಿನಲ್ಲಿ ಅದು ಡೋಪಮೈನ್ ಆಗುತ್ತದೆ, ಈ ರೋಗದಲ್ಲಿ ಕಡಿಮೆಯಾಗುವ, ಮೈಯ ಚಲನೆಗೆ ಬೇಕಾದ ರಾಸಾಯನಿಕ ಅದೇ. ಆದರೆ ಮಾತ್ರೆಯಲ್ಲಿ ಅಳತೆ ಇರುತ್ತದೆ, ಮಿದುಳು ಮುಟ್ಟುವ ಮೊದಲೇ ಖರ್ಚಾಗದಂತೆ ಕಾರ್ಬಿಡೋಪಾ ಎಂಬ ಇನ್ನೊಂದು ಔಷಧಿ ಸೇರಿಸಿರುತ್ತಾರೆ. ಪುಡಿಯಲ್ಲಿ ಎಷ್ಟಿದೆ ಅಂತ ಹೇಳುವವರು ಯಾರು? ಪಾರ್ಕಿನ್ಸನ್ ಇದ್ದ ನಮ್ಮ ದೊಡ್ಡಪ್ಪನಿಗೆ ಯಾರೋ ಈ ಪುಡಿ ಕೊಟ್ಟರು. ಮಾತ್ರೆಯ ಮೇಲೆ ಅದನ್ನೂ ತಗೊಂಡು ಲೆವೊಡೋಪಾ ಅತಿಯಾಗಿ ಕುತ್ತಿಗೆ, ಭುಜ ತಾನಾಗೇ ತಿರುಚಿಕೊಳ್ಳಲು ಶುರುವಾಯ್ತು, ತುತ್ತು ಬಾಯಿಗೆ ಹೋಗುತ್ತಿರಲಿಲ್ಲ. ಡಾಕ್ಟರು ಕೇಳಿದ ಮೇಲೇ ಪುಡಿ ವಿಷಯ ಹೊರಬಂತು.

ಗಿಡದ ಮದ್ದೇ ಬೇಡ ಅನ್ನುತ್ತಿಲ್ಲ. ಸ್ನೋಡ್ರಾಪ್ ಎಂಬ ಹೂಗಿಡದಿಂದ ಬಂದ ಗ್ಯಾಲಂಟಮೈನ್‌ಗೆ 2001ರಲ್ಲಿ ಅಮೆರಿಕದಲ್ಲಿ ಮರೆವಿನ ಕಾಯಿಲೆಯಾದ ಆಲ್ಝೈಮರ್‌ಗೆ ಔಷಧಿಯಾಗಿ ಅನುಮತಿ ಸಿಕ್ಕಿತು, ಅದೂ ರೋಗಿಗಳ ಮೇಲೆ ಪರೀಕ್ಷೆ ಮಾಡಿ ಅಳತೆ ಗೊತ್ತಾದ ಮೇಲೆ. ಅರಿಶಿನದಲ್ಲಿರುವ ಹಳದಿ ಅಂಶ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಕಡಿಮೆ. ಒಂದೆಲಗದ ತಂಬುಳಿ ಊಟಕ್ಕೆ ಚೆನ್ನಾಗಿರುತ್ತದೆ, ಧಾರಾಳವಾಗಿ ಉಣ್ಣಿ. ಪಾರ್ಕಿನ್ಸನ್ ಇದ್ದವರ ಮನೆಯವರು ಮಾತ್ರ ದಯವಿಟ್ಟು ಯಾವ ಪುಡಿಯನ್ನೂ ಡಾಕ್ಟರಿಗೆ ಹೇಳದೆ ಶುರು ಮಾಡಬೇಡಿ.