ಎಚ್‌ಐವಿ ತಡೆ: ಯುವ ಸಂಶೋಧಕರಿಗೆ ಒಂದು ವರ್ಷದ ಜಿಲ್ಲಾವಾಸ ಕಡ್ಡಾಯ ಬೇಕೆ?

ಪರ

ಬೇಕೇ ಬೇಕು. ಸಂಶೋಧಕರು ತಾವು ಅಧ್ಯಯನ ಮಾಡುವ ಜಿಲ್ಲೆಯಲ್ಲೇ ಇರಬೇಕು, ಅದೂ ಪೂರ್ತಿ ಹನ್ನೆರಡು ತಿಂಗಳು. ದೇವದುರ್ಗ, ಲಿಂಗಸುಗೂರು, ಕುಷ್ಟಗಿ ಕಡೆಯ ಮಳೆಯಾಶ್ರಿತ ಹಳ್ಳಿಗಳಲ್ಲಿ ಸುಗ್ಗಿ ಮುಗಿಯುತ್ತಿದ್ದಂತೆ ದುಡಿಯುವ ವಯಸ್ಸಿನವರು ಬೆಂಗಳೂರು, ಪುಣೆ, ಗೋವಾಕ್ಕೆ ಗುಳೆ ಹೋಗುತ್ತಾರೆ, ಬಿತ್ತನೆಗೆ ಮರಳುತ್ತಾರೆ. ಏಪ್ರಿಲ್‌ನಲ್ಲಿ ಮನೆಮನೆ ಸುತ್ತಿದವರಿಗೆ ಸಿಗುವುದು ಮುದುಕರು, ಮಕ್ಕಳು. ಯಾರ ಸಲುವಾಗಿ ಅಧ್ಯಯನವೋ ಅವರೇ ಪಟ್ಟಿಯಲ್ಲಿಲ್ಲ. ಆಮೇಲೆ ಯಾವ ತಂತ್ರಾಂಶ ಹಾಕಿ ತೂಗಿದರೂ ಇಲ್ಲದವರು ಲೆಕ್ಕಕ್ಕೆ ಬರುವುದಿಲ್ಲ.

ಪ್ರಶ್ನೆ ಕೇಳುವ ಬಗೆಯನ್ನೂ ಇಲ್ಲೇ ಕಲಿಯಬೇಕು. ಎದುರು ಕೂತು ಕಾಂಡೋಮ್ ಬಗ್ಗೆ ಕೇಳಿದರೆ ಕೇಳಿದವರಿಗೆ ಹಿತವಾಗುವ ಉತ್ತರ ಬರುತ್ತದೆ. ಅದಕ್ಕಾಗಿಯೇ ಕರ್ನಾಟಕದಲ್ಲಿ ಮತಗಟ್ಟೆ ಮಾದರಿಯ ಸಮೀಕ್ಷೆ ಬಳಕೆಗೆ ಬಂತು. ಹತ್ತು-ಹನ್ನೆರಡು ಜನ, ನಡುವೆ ಮರೆ, ಪ್ರತಿಯೊಬ್ಬರ ಮುಂದೆ ಮೂರು ಡಬ್ಬಿ, ಕೈಯಲ್ಲಿ ಸಂಖ್ಯೆ ಹಾಕಿದ ಚೀಟಿಗಳ ಕಟ್ಟು. ಪ್ರಶ್ನೆ ಓದಿದಾಗ ಆ ಸಂಖ್ಯೆಯ ಚೀಟಿ 'ಹೌದು', 'ಇಲ್ಲ' ಅಥವಾ 'ಅನ್ವಯಿಸದು' ಡಬ್ಬಿಗೆ ಬೀಳಬೇಕು. ಕೊನೆಗೆ ಎಲ್ಲರ ಚೀಟಿ ಬೆರೆಸಿ ಗುಂಪಿನ ಮೊತ್ತ ಮಾತ್ರ ಎಣಿಸುತ್ತಾರೆ.

ಕೇಳಲು ಸರಳ, ಕೆಡುವುದು ಇನ್ನೂ ಸರಳ. ಓದು ಬಾರದವರ ಕೈಯಿಂದ ಕಟ್ಟು ಜಾರಿ ಚೀಟಿ ಹಿಂದುಮುಂದಾದರೆ ಐದನೇ ಪ್ರಶ್ನೆಯ ಉತ್ತರ ಆರನೆಯದಕ್ಕೆ ಸೇರುತ್ತದೆ. ಒಂದೇ ಪ್ರಶ್ನೆಯಲ್ಲಿ ಎರಡು ಸಂಗತಿ ತುರುಕಿದರೆ ಯಾವುದಕ್ಕೆ ಹೌದೆಂದರೋ ತಿಳಿಯದು. ಹಾಗಾಗಿ ಒಂದೊಂದು ಪ್ರಶ್ನೆಗೂ ಮೂರು ಡಬ್ಬಿಯ ಚೀಟಿ ಕೂಡಿಸಿ ಹಾಜರಿಗೆ ತಾಳೆ ನೋಡಬೇಕು. ಹನ್ನೊಂದು ಜನರಿದ್ದು ಹತ್ತೇ ಚೀಟಿ ಬಂದರೆ ಆ ಪ್ರಶ್ನೆಯ ಉತ್ತರ ನಂಬುವಂತಿಲ್ಲ. ಇದು ಪುಸ್ತಕದಿಂದ ಕೈಗೆ ಇಳಿಯುವ ವಿದ್ಯೆಯಲ್ಲ.

ಇನ್ನೊಂದು ಮಾತು. ಬಳ್ಳಾರಿ, ಕೊಪ್ಪಳದ ದೇವದಾಸಿ ಮನೆತನಗಳಿಂದ ಲೈಂಗಿಕ ವೃತ್ತಿಗೆ ಬಂದ ಹೆಣ್ಣುಮಕ್ಕಳಿಗೆ ವರ್ಷಗಟ್ಟಲೆ ಜೊತೆಗಿರುವ ಸಂಗಾತಿ ಇರುತ್ತಾನೆ. ಅವನು ಗಿರಾಕಿಯ ಲೆಕ್ಕಕ್ಕೂ ಬರುವುದಿಲ್ಲ, ಗಂಡನ ಲೆಕ್ಕಕ್ಕೂ ಇಲ್ಲ. ಕಾಂಡೋಮ್ ಕೈಬಿಡುವುದು ಹೆಚ್ಚಾಗಿ ಅವನೊಂದಿಗೇ. ಗಿರಾಕಿಗಳ ಬಗ್ಗೆ ಮಾತ್ರ ಕೇಳುವ ಪ್ರಶ್ನಾವಳಿಗೆ ಈ ಅಪಾಯ ಕಾಣುವುದೇ ಇಲ್ಲ. ಈ ವೃತ್ತಿಯಲ್ಲಿರುವವರ ಎಣಿಕೆಯೂ ಹಾಗೆಯೇ. ಗಿರಾಕಿಗಳ ಸಂಪರ್ಕ ಬಸ್‌ಸ್ಟ್ಯಾಂಡಿನಿಂದ ಮೊಬೈಲಿಗೆ ಸರಿದಲ್ಲಿ ಬಸ್‌ಸ್ಟ್ಯಾಂಡ್ ಎಣಿಸಿದರೆ ಸಂಖ್ಯೆ ಇಳಿಯುತ್ತದೆ. ಸಿಂಧನೂರು, ಗಂಗಾವತಿ ಎರಡೂ ಕಡೆ ಓಡಾಡುವವರನ್ನು ಎರಡು ಸಲ ಬರೆದುಕೊಂಡರೆ ಏರುತ್ತದೆ. ವರ್ಷ ವ್ಯರ್ಥವೆನ್ನುವವರಿಗೆ ಪ್ರಬಂಧಗಳ ಸಂಖ್ಯೆಯೇ ಮುಖ್ಯವಾಗಿರಬೇಕು.

ವಿರೋಧ

ಊರಿಗೆ ಹೋಗಬೇಡಿ ಎಂದು ಯಾರೂ ಹೇಳುತ್ತಿಲ್ಲ. ತಕರಾರಿರುವುದು ಕಡ್ಡಾಯಕ್ಕೆ. ಸಂಶೋಧನೆಗೆ ಸಿಗುವ ಎರಡು ವರ್ಷದ ಫೆಲೋಶಿಪ್ಪಿನಲ್ಲಿ ನೈತಿಕ ಸಮಿತಿಯ ಒಪ್ಪಿಗೆ, ರಾಜ್ಯ ಏಡ್ಸ್ ಸೊಸೈಟಿಯ ಅನುಮತಿ, ಪ್ರಶ್ನಾವಳಿಯ ಕನ್ನಡ ರೂಪ, ಅದರ ಪ್ರಾಯೋಗಿಕ ಪರೀಕ್ಷೆ ಇವಕ್ಕೇ ತಿಂಗಳುಗಳು ಹೋಗುತ್ತವೆ. ಅದರ ಮೇಲೆ ಒಂದು ವರ್ಷ ಬೇರೆ ಹೇರಿದರೆ ಪುಟ್ಟ ಮಕ್ಕಳಿರುವ ತಾಯಂದಿರು, ಮನೆಗೆ ದುಡಿದು ಹಾಕಬೇಕಾದವರು ಮೊದಲು ಹೊರಬೀಳುತ್ತಾರೆ.

ಗೋಪ್ಯತೆಯ ಪ್ರಶ್ನೆಯೂ ಇದೆ. ಸೋಂಕಿತರ ಸ್ಥಿತಿ ಬಯಲಾಗದಂತೆ 2017ರ ಎಚ್‌ಐವಿ-ಏಡ್ಸ್ ಕಾಯ್ದೆ ರಕ್ಷಣೆ ಕೊಡುತ್ತದೆ. ಸಣ್ಣ ತಾಲ್ಲೂಕಿನ ಎಚ್‌ಐವಿ ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ಹೊಸ ಮುಖವೊಂದು ದಿನಾ ಕೂತರೆ ಒಳಗೆ ಬರಬೇಕಾದವರು ಹಿಂದಿರುಗುತ್ತಾರೆ. ಬಂದವರಿಗೆ ಪರೀಕ್ಷೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಮಾತಾಡಬೇಕಾದ ಆಪ್ತಸಮಾಲೋಚಕರು ಹೊಸಬರಿಗೆ ಪಾಠ ಹೇಳಲು ಎಲ್ಲಿಂದ ಹೊತ್ತು ತರಬೇಕು?

ಎಚ್‌ಐವಿ ತಗಲದಂತೆ ಆರು ತಿಂಗಳಿಗೊಮ್ಮೆ ಚರ್ಮದಡಿ ಕೊಡುವ ಲೆನಕಾಪವಿರ್ ಚುಚ್ಚುಮದ್ದನ್ನು ನೋಡಿ. ದಕ್ಷಿಣ ಆಫ್ರಿಕಾ, ಉಗಾಂಡಾದ ಪ್ರಯೋಗದಲ್ಲಿ ಅದನ್ನು ಪಡೆದ ಯುವತಿಯರಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲವೆಂದು 2024ರಲ್ಲಿ ವರದಿಯಾಯಿತು. ಡಿಸೆಂಬರ್‌ನಲ್ಲಿ, ಗುಳೆ ಹೊರಡುವ ಮುನ್ನ ಚುಚ್ಚಿದರೆ ಮುಂದಿನದು ಜೂನ್‌ಗೆ, ಬಿತ್ತನೆಯ ಹೊತ್ತಿಗೆ. ಇಂಥ ಲೆಕ್ಕಕ್ಕೆ ಗುಳೆಯ ತಿಂಗಳುಗಳು ಗೊತ್ತಿದ್ದರೆ ಸಾಕು. ಸಮುದಾಯದೊಳಗಿಂದಲೇ ಬಂದು ತಮ್ಮವರ ನಡುವೆ ಕೆಲಸ ಮಾಡುವ ಪೀರ್ ಕಾರ್ಯಕರ್ತೆಯರು ಅದನ್ನು ಒಂದು ಮಧ್ಯಾಹ್ನದಲ್ಲಿ ಹೇಳಿಬಿಡುತ್ತಾರೆ. ಅವರಿಗೆ ಸರಿಯಾದ ಗೌರವಧನ ಕೊಟ್ಟು, ಪ್ರಶ್ನಾವಳಿ ತಿದ್ದುವಾಗ ಜೊತೆಗೆ ಕೂರಿಸಿಕೊಳ್ಳಲಿ. ಸಂಶೋಧಕರು ಸುಗ್ಗಿಗೆ ಮುಂಚೆ ಒಮ್ಮೆ, ಬಿತ್ತನೆ ವೇಳೆಗೆ ಒಮ್ಮೆ, ಮೂರು ಮೂರು ವಾರ ಬಂದು ಹೋಗಲಿ.