ಒಂದೇ ಇಂಜೆಕ್ಷನ್‌ಗೆ ಮೆದುಳಿನ ಗಡ್ಡೆ ಕರಗುವುದಿಲ್ಲ

‘ಮೆದುಳಿನ ಗಡ್ಡೆಗೆ ಇನ್ನು ಆಪರೇಷನ್ ಬೇಡ, ನೇರ ಗಡ್ಡೆಗೇ ಹೋಗುವ ನ್ಯಾನೊ ಇಂಜೆಕ್ಷನ್ ಒಂದು ಸಾಕು’ ಎಂಬ ಮೆಸೇಜ್ ನಮ್ಮ ದಾವಣಗೆರೆಯ ವಾಟ್ಸ್‌ಆಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ನಮ್ಮ ಬೀದಿಯ ಒಬ್ಬರು ಸ್ಕ್ಯಾನ್ ಫಿಲ್ಮಿನ ಕವರ್ ತೊಡೆ ಮೇಲಿಟ್ಟುಕೊಂಡು, ‘ಹಂಗಾದ್ರೆ ಆಪರೇಷನ್ ಮುಂದಕ್ಕೆ ಹಾಕ್ಲಾ?’ ಎಂದು ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ಮೆದುಳಿನ ರಕ್ತನಾಳಗಳ ಗೋಡೆ ತುಂಬಾ ಬಿಗಿ. ಇಂಜೆಕ್ಷನ್ನಿಂದ ರಕ್ತಕ್ಕೆ ಸೇರಿದ ಹೆಚ್ಚಿನ ಔಷಧಿಗಳನ್ನು ಅದು ಮೆದುಳಿನೊಳಗೆ ಬಿಡುವುದೇ ಇಲ್ಲ. ಟೆಮೊಜೊಲೊಮೈಡ್ ಎಂಬ ಕ್ಯಾನ್ಸರ್ ಔಷಧಿಯಂಥ ಕೆಲವು ಮಾತ್ರ ದಾಟುತ್ತವೆ.

ಗಡ್ಡೆಯ ಜಾಗದಲ್ಲೇ ಔಷಧಿ ಇಡುವ ವಿಧಾನ ಇರುವುದು ನಿಜ. ಗ್ಲಿಯಾಡೆಲ್ ಎಂಬ ಬಿಲ್ಲೆಗೆ ಅಮೆರಿಕದಲ್ಲಿ 1996ರಲ್ಲೇ ಒಪ್ಪಿಗೆ ಸಿಕ್ಕಿತು. ನಾಣ್ಯದಷ್ಟು ಸಣ್ಣದು, ಕಾರ್ಮಸ್ಟಿನ್ ಔಷಧಿಯನ್ನು ನಿಧಾನವಾಗಿ ಬಿಡುತ್ತದೆ. ಆದರೆ ಅದನ್ನು ಇಡುವುದು ಯಾವಾಗ ಗೊತ್ತಾ? ಆಪರೇಷನ್ ಮಾಡಿ ಗಡ್ಡೆ ತೆಗೆದ ಮೇಲೆ, ಆ ಖಾಲಿ ಗುಳಿಯಲ್ಲಿ, ಹೆಚ್ಚೆಂದರೆ 8 ಬಿಲ್ಲೆ. ಅಲ್ಲಿಗೆ ಆಪರೇಷನ್ ತಪ್ಪಲಿಲ್ಲ ಅಲ್ವಾ? ಆಯಸ್ಸು ಸ್ವಲ್ಪ ಜಾಸ್ತಿಯಾಗಬಹುದು, ಕಾಯಿಲೆ ಪೂರ್ತಿ ಹೋಗುತ್ತದೆ ಅಂತಲ್ಲ.

ನ್ಯಾನೊ ಕಣಗಳ, ಅಂದರೆ ಔಷಧಿ ಹೊತ್ತೊಯ್ಯುವ ಅತಿ ಸಣ್ಣ ಕಣಗಳ ಪ್ರಯೋಗ ನಡೆಯುತ್ತಿದೆ, ನನಗೂ ಅದರ ಮೇಲೆ ಆಸೆಯಿದೆ. ಆದರೆ ಸುಮ್ನೆ ಆ ಮೆಸೇಜ್ ನಂಬಿ ಡಾಕ್ಟರ್ ಕೊಟ್ಟ ತಾರೀಕು ತಪ್ಪಿಸಬೇಡಿ. ಅನುಮಾನ ಇದ್ದರೆ ಮೊಬೈಲ್ ತೆಗೆದು ಅವರಿಗೇ ತೋರಿಸಿ ಕೇಳಿ.